ಕಷ್ಟದ ಹೆಸರು

ತಮ್ಮ ಕುದುರೆ ಗೆಲ್ಲಲಿ ಎಂದು ಬೇಡಿಕೊಳ್ಳುವವರನ್ನು ಬೇಕಾದಷ್ಟು ಕಂಡಿದ್ದೇನೆ. ನನ್ನ ಕುದುರೆ ಸೋಲಲಿ, ಅದೂ ಎಲ್ಲಕ್ಕಿಂತ ಹಿಂದೆ ಬರಲಿ ಎಂದು ಬೆಳಗೆದ್ದು ಆಕಾಶಕ್ಕೆ ಹಾಲು ಚಿಮುಕಿಸಿದವಳು ಈ ಕಣಿವೆಯಲ್ಲಿ ನಾನೊಬ್ಬಳೇ ಇರಬೇಕು. ನಗುವವರು ನಗಲಿ. ನನ್ನ ಸಂಕಟ ನನಗೆ.

ನಮ್ಮವರು ತೀರಿಕೊಂಡದ್ದು ಹೋದ ಚಳಿಗಾಲದಲ್ಲಿ. ಅವರ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿದವಳಲ್ಲ. ಮದುವೆಯಾಗಿ ಬಂದ ದಿನ ಅತ್ತೆ ಹೇಳಿಕೊಟ್ಟ ಮೊದಲ ಪಾಠವೇ ಅದು. ಬದುಕಿದ್ದಾಗ 'ನಮ್ಮವರು' ಎನ್ನುತ್ತಿದ್ದೆ, ಎದುರಿಗೆ 'ಇಲ್ಲಿ ಕೇಳಿ' ಎನ್ನುತ್ತಿದ್ದೆ, ಸಿಟ್ಟು ನೆತ್ತಿಗೇರಿದರೆ 'ಈ ಮುದುಕ' ಎನ್ನುತ್ತಿದ್ದೆ. ಹಿರಿಯರ ಹೆಸರಿಗೆ ನಮ್ಮಲ್ಲಿ 'ಕಷ್ಟದ ಹೆಸರು' ಎನ್ನುತ್ತಾರೆ. ಯಾರಾದರೂ ಕೇಳಿದರೆ, ಅವರದು ಕಷ್ಟದ ಹೆಸರು ಎಂದು ಪಕ್ಕದವರ ಮುಖ ನೋಡಬೇಕು, ಪಕ್ಕದವರು ಹೇಳಬೇಕು. ಸತ್ತ ಮೇಲೆ ಪಕ್ಕದವರೂ ಹೇಳುವುದಿಲ್ಲ. ಹೆಸರು ಹಿಡಿದು ಕರೆದರೆ ಹೋಗುತ್ತಿರುವ ಜೀವ ತಿರುಗಿ ನೋಡುತ್ತದೆ, ಮುಂದೆ ಹೋಗಲಾರದೆ ನಿಂತುಬಿಡುತ್ತದೆ ಎಂಬ ನಂಬಿಕೆ.

ಮಕ್ಕಳಿದ್ದರೆ ಚಿಂತೆ ಇರಲಿಲ್ಲ. ನಮ್ಮಲ್ಲಿ ಮಕ್ಕಳ ಹೆಸರಿನ ಮುಂದೆ ಅಪ್ಪನ ಹೆಸರು ಇರುತ್ತದೆ. ಮಗ ಪೋಲಿಯಾದರೂ ಸರಿ, ಪೊಲೀಸಿನವನು ಅವನನ್ನು ಕರೆಯುವಾಗ ಅಪ್ಪನ ಹೆಸರನ್ನೂ ಸೇರಿಸಿಯೇ ಕರೆಯಬೇಕು. ನಮಗೆ ಮಕ್ಕಳಾಗಲಿಲ್ಲ. ಅಂದರೆ ನಮ್ಮವರ ಹೆಸರು ಯಾರ ಬಾಯಲ್ಲೂ ಇಲ್ಲ, ಯಾರ ಹೆಸರಿನ ಮುಂದೆಯೂ ಇಲ್ಲ. ಚಳಿಗಾಲವಿಡೀ ಒಲೆಯ ಮುಂದೆ ಒಬ್ಬಳೇ ಕೂತಾಗ ಇದೊಂದೇ ಯೋಚನೆ ನನ್ನನ್ನು ತಿಂದುಹಾಕಿತು. ಮನುಷ್ಯ ಹೋದ, ಸರಿ. ಹೆಸರೂ ಹೋಗಬೇಕೇ?

ಆಗ ನಾದಮ್ ನೆನಪಾಯಿತು.

ಕುದುರೆ ಓಟ, ಕುಸ್ತಿ, ಬಿಲ್ಲುಗಾರಿಕೆಯ ಆ ಬೇಸಗೆ ಹಬ್ಬ ಹತ್ತಿರ ಬಂತೆಂದರೆ ನಮ್ಮವರಿಗೆ ಊಟ ನಿದ್ದೆ ಯಾವುದೂ ಬೇಡ. ಕುದುರೆಯನ್ನು ಕಟ್ಟಿಹಾಕಿ ಮೇವು ಕಡಿಮೆ ಮಾಡುವುದು, ಕಂಬಳಿ ಹೊದಿಸಿ ಓಡಿಸಿ ಬೆವರಿಳಿಸುವುದು, ಆ ಬೆವರನ್ನು ಮರದ ಪಟ್ಟಿಯಲ್ಲಿ ಕೆರೆದು ನಾಲಿಗೆಯ ತುದಿಗೆ ತಾಗಿಸಿ ನೋಡುವುದು. "ಇನ್ನೂ ಉಪ್ಪುಪ್ಪಾಗಿದೆ, ಆಗಿಲ್ಲ" ಎನ್ನುವರು. ನಾನು ಮಾಡಿದ ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಎಂದು ಒಂದು ದಿನವೂ ಹೇಳಿದ ಮನುಷ್ಯನಲ್ಲ, ಕುದುರೆಯ ಬೆವರಿನ ರುಚಿ ಮಾತ್ರ ಗೊತ್ತು.

ಇಷ್ಟೆಲ್ಲ ಮಾಡಿ ಗೆದ್ದರೇ ಎಂದರೆ, ಅದೂ ಇಲ್ಲ. ನಾದಮ್ಮಿನಲ್ಲಿ ಮುಂದೆ ಬಂದ ಐದು ಕುದುರೆಗಳಿಗೆ ಹಾಡು ಹೇಳಿ, ತಲೆಯ ಮೇಲೆ ಐರಾಗ್, ಅಂದರೆ ಹುಳಿಬಂದ ಕುದುರೆ ಹಾಲು, ಸುರಿದು, ಒಡೆಯನ ಹೆಸರನ್ನು ಬಯಲೆಲ್ಲ ಕೇಳುವಂತೆ ಕೂಗುತ್ತಾರೆ. ನಮ್ಮವರ ಕುದುರೆ ಯಾವಾಗಲೂ ಆರನೆಯದು. ತಪ್ಪಿದರೆ ಏಳನೆಯದು. ಕುದುರೆಯವರೆಲ್ಲ ಅವರನ್ನು 'ಆರನೇ ಅಣ್ಣ' ಎಂದೇ ಛೇಡಿಸುತ್ತಿದ್ದರು. ಎಷ್ಟು ಬೇಸಗೆ ಬಂದು ಹೋದರೂ ಆ ಬಯಲಿನಲ್ಲಿ ಒಂದು ಸಲವೂ ಅವರ ಹೆಸರನ್ನು ಯಾರೂ ಕೂಗಲಿಲ್ಲ. ಸಂಜೆ ಮನೆಗೆ ಬಂದು ಬೂಟು ಬಿಚ್ಚುತ್ತಾ, "ಮುಂದಿನ ಐವರಿಗೆ ಹಾಡು, ನಮಗೆ ಧೂಳು" ಎಂದು ನಗುತ್ತಿದ್ದರು. ಆ ನಗು ನನಗೆ ಆಗುತ್ತಿರಲಿಲ್ಲ.

ಆದರೆ ಇನ್ನೊಂದು ದಾರಿ ಇದೆ. ಎರಡು ವರ್ಷದ ಮರಿಗಳ ಓಟದಲ್ಲಿ ಎಲ್ಲಕ್ಕಿಂತ ಕೊನೆಗೆ ಬಂದ ಮರಿಗೂ ಹಾಡು ಹೇಳುತ್ತಾರೆ. 'ತುಂಬಿದ ಹೊಟ್ಟೆ' ಎಂದು ಅದಕ್ಕೆ ಹೆಸರು. ನಿನ್ನ ತಪ್ಪಲ್ಲ ಮಗೂ, ಮುಂದಿನ ವರ್ಷ ನೀನೇ ಮೊದಲು ಎಂದು ಸಮಾಧಾನ ಮಾಡಿ, ಐರಾಗ್ ಸುರಿದು, ಒಡೆಯನ ಹೆಸರು ಕೂಗುತ್ತಾರೆ. ನಮ್ಮವರಿಗೆ ಇದು ಸುತರಾಂ ಒಗ್ಗದ ಮಾತಾಗಿತ್ತು. "ಕೊನೆಗೆ ಬಂದು ಹಾಡಿಸ್ಕೊಳ್ಳೋದಕ್ಕಿಂತ ಆರನೆಯವನಾಗಿ ಧೂಳು ತಿಂತೀನಿ" ಎನ್ನುತ್ತಿದ್ದರು. ಇರಲಿ. ಅವರ ಮರ್ಯಾದೆ ಅವರ ಜೊತೆ ಹೋಯಿತು. ಇಲ್ಲಿ ಉಳಿದವಳು ನಾನು, ಉಳಿದದ್ದು ಅವರ ಕಂದು ಹೆಣ್ಣುಕುದುರೆ ಹಾಕಿದ ಕೊನೆಯ ಮರಿ. ಬೇಸಗೆಗೆ ಅದಕ್ಕೆ ಎರಡು ವರ್ಷ. ಮೊದಲ ಐದರಲ್ಲಿ ತರಿಸುವುದು ನನ್ನ ಕೈಲಿ ಆಗದ ಕೆಲಸ. ಕೊನೆಗೆ ತರಿಸುವುದು ಯಾಕೆ ಆಗಬಾರದು?

ಅಂದಿನಿಂದ ನಮ್ಮವರು ಏನು ಮಾಡುತ್ತಿದ್ದರೋ ಅದಕ್ಕೆ ನೇರ ತಿರುಗುಮುರುಗು ಮಾಡಿದೆ. ಕಟ್ಟಲಿಲ್ಲ, ಬೆವರಿಳಿಸಲಿಲ್ಲ, ಹೊಳೆದಂಡೆಯ ಎಳೆ ಹುಲ್ಲಿನಲ್ಲಿ ಬಿಟ್ಟೆ. ಮರಿ ಹೊಟ್ಟೆ ಬಿರಿಯುವಂತೆ ಮೇಯಿತು. ಮರದ ಪಟ್ಟಿ ಗುಡಾರದ ಗೋಡೆಯಲ್ಲಿ ತೂಗಾಡುತ್ತಿತ್ತು. ಅದರ ಕಡೆ ನೋಡಲು ನನಗೇ ನಾಚಿಕೆಯಾಗುತ್ತಿತ್ತು, ನೋಡದೆ ಹಾದುಹೋಗುತ್ತಿದ್ದೆ.

ಸವಾರಿಗೆ ಗುಡ್ಡದಾಚೆಯ ಗುಡಾರದ ಹುಡುಗಿ ತೆಮುಲೆನ್‌ಳನ್ನು ಒಪ್ಪಿಸಿದ್ದೆ. ಮೈ ಕಡ್ಡಿ, ನಾಲಿಗೆ ಚಾಟಿ. ಮರಿಯ ಹೊಟ್ಟೆ ನೋಡಿ ಸೊಂಟಕ್ಕೆ ಕೈ ಕೊಟ್ಟು ನಿಂತಳು.

"ಅಜ್ಜೀ, ಇದೇನು ಕುದುರೇನಾ, ಹಿಟ್ಟಿನ ಮೂಟೇನಾ? ಇದರ ಮೇಲೆ ಕೂತ್ರೆ ನನ್ನ ಕಾಲು ಆಕಡೆ ಈಕಡೆ ಕೋಲಿನ ಹಾಗೆ ನಿಲ್ತವೆ!"

"ಅಷ್ಟೇ ಬೇಕಾಗಿರೋದು. ನೀನು ಕೊನೆಗೆ ಬರ್ಬೇಕು."

"ಏನಂದ್ರೀ?"

"ಕೊನೆಗೆ. ಎಲ್ಲರಿಗಿಂತ ಹಿಂದೆ."

ಅವಳ ಮುಖ ಕೆಂಪಗಾಯಿತು. "ನನ್ನ ಮೂಗು ಕೊಯ್ಸಬೇಕು ಅಂತ ಮಾಡಿದ್ದೀರಾ? ಸ್ಕೂಲಲ್ಲಿ ಎಲ್ಲಾ ನನ್ನ ಹೊಟ್ಟೆ ಹೊಟ್ಟೆ ಅಂತ ಕರೀತಾರೆ! ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ!"

ನಾನು ಅವಳನ್ನು ಕೂರಿಸಿಕೊಂಡು ಒಣಮೊಸರಿನ ತುಂಡು ಕೈಗಿಟ್ಟು ಎಲ್ಲ ಹೇಳಿದೆ. ಯಾಕೆ ಹೇಳಿದೆನೋ. ಚಳಿಗಾಲದಿಂದ ಈಚೆಗೆ ಇಷ್ಟು ಮಾತು ಯಾರೊಡನೆಯೂ ಆಡಿರಲಿಲ್ಲ. ಅವಳು ಮೊಸರು ತುಂಡನ್ನು ದವಡೆಯಿಂದ ದವಡೆಗೆ ಹೊರಳಿಸುತ್ತಾ ಕೇಳಿದಳು.

"ಅಷ್ಟಕ್ಕೆ ಇಷ್ಟೊಂದಾ? ನೀವೇ ಕೂಗಿಬಿಡಿ ಅಜ್ಜಿ. ಗುಡ್ಡದ ಮೇಲೆ ನಿಂತು."

"ನಾನು ಹೇಳೋ ಹಾಗಿಲ್ಲ ಕಣೇ."

"ಯಾಕೆ? ಬಾಯಿಲ್ವಾ?"

"ಅಧಿಕಪ್ರಸಂಗಿ! ದೊಡ್ಡೋರ ಮುಂದೆ ಹೀಗಾ ಮಾತಾಡೋದು?" ಎಂದು ಗದರಿದೆ. ಗದರಿದ್ದು ಅವಳ ಮಾತು ಎಲ್ಲಿಗೋ ತಾಗಿದ್ದರಿಂದ. ಕೊನೆಗೆ, ಮುಂದಿನ ಬೇಸಗೆ ಮರಿಯನ್ನು ಅವಳಿಗೆ ಬೇಕಾದ ಹಾಗೆ ಓಡಿಸಬಹುದು ಎಂಬ ಮಾತಿನ ಮೇಲೆ ಹುಡುಗಿ ಒಪ್ಪಿದಳು.

ಇನ್ನು ಉಳಿದವನು ದಂಬಾ. ನಮ್ಮ ತಾಲೂಕಿನ ನಾದಮ್ಮಿನಲ್ಲಿ ಕುದುರೆಗಳಿಗೆ ಹಾಡು ಹೇಳಿ ಹೆಸರು ಕೂಗುವವನು ಅವನೇ. ನಮ್ಮವರ ಹತ್ತಿರ ಕುದುರೆ ಕೆಲಸ ಕಲಿತವನು, ನಮ್ಮ ಒಲೆಯ ಮುಂದೆ ಅದೆಷ್ಟೋ ಬಟ್ಟಲು ಖಾಲಿ ಮಾಡಿದವನು. ಹಬ್ಬಕ್ಕೆ ಮುಂಚೆ ಮೋಟರ್ ಸೈಕಲ್ಲಿನಲ್ಲಿ ಬಂದ. ಐರಾಗ್ ಕೊಟ್ಟೆ.

"ಈ ಸಲ ಮರಿ ಓಡಿಸ್ತೀಯಂತೆ ಅಕ್ಕಾ? ಬರ್ತಾ ನೋಡ್ದೆ. ಚೆನ್ನಾಗಿ ಸಾಕಿದೀಯ, ಹಬ್ಬಕ್ಕೆ ಕಡಿಯೋಕೆ ಅಂತ ಇರ್ಬೇಕು ಅಂದ್ಕೊಂಡೆ."

"ನಿನ್ನ ಕುಹಕ ಇರ್ಲಿ. ಕೊನೆಗೆ ಬಂದ ಮರಿಗೂ ಹೆಸರು ಕೂಗ್ತೀಯಲ್ಲ?"

"ಕೂಗ್ಲೇಬೇಕು. ಅದಕ್ಕೊಂದು ಹಾಡು, ಒಡೆಯನ ಹೆಸರು, ಎಲ್ಲಾ ಉಂಟು."

"ಹಾಗಾದ್ರೆ ನನ್ನ ಮರೀನ ನಮ್ಮವರ ಹೆಸರಲ್ಲಿ ಕೂಗು."

ಬಟ್ಟಲು ಅವನ ತುಟಿಯ ಹತ್ತಿರವೇ ನಿಂತಿತು. "ಅವರ ಹೆಸರಾ?"

"ಮರಿ ಅವರದ್ದು. ನಾನು ಬರೀ ಕಾಯೋಳು."

"ವರ್ಷವೂ ತುಂಬಿಲ್ವಲ್ಲ ಅಕ್ಕಾ. ಕಷ್ಟದ ಹೆಸರು."

"ಅದಕ್ಕೇ ನಿನಗೆ ಹೇಳ್ತಿರೋದು. ನನಗಾಗಲ್ಲ. ನಿನ್ನ ಗಂಟಲು ದೊಡ್ಡದು."

ಅವನು ನಕ್ಕ, ತಲೆ ಕೆರೆದುಕೊಂಡ, ನೋಡೋಣ ಎಂದ. ಬಟ್ಟಲನ್ನು ಎರಡೂ ಕೈಯಲ್ಲಿ ನನಗೆ ಮರಳಿಸಿ ಹೊರಟುಹೋದ. ಒಪ್ಪಿದ ಎಂದೇ ನಾನು ತಿಳಿದೆ. ಬೇಕಾದವಳಿಗೆ ಬೇಕಾದದ್ದೇ ಕೇಳಿಸುತ್ತದೆ.

ನಾದಮ್ಮಿನ ದಿನ ಬಯಲು ತುಂಬಿ ತುಳುಕುತ್ತಿತ್ತು. ಮಾಂಸ ತುಂಬಿದ ಖುಷೂರ್ ಕಡುಬು ಕರಿಯುವ ಕೊಬ್ಬಿನ ವಾಸನೆ, ಧ್ವನಿವರ್ಧಕದ ಗರಗರ, ಬಿಲ್ಲುಗಾರರ ಕಡೆಯಿಂದ ಬಾಣ ತಾಗಿದಾಗಲೆಲ್ಲ ಏಳುವ 'ಊಹಾಯ್' ಎಂಬ ಕೂಗು. ನಾನು ನಮ್ಮವರ ಹಳೆಯ ದುರ್ಬೀನನ್ನು ಕೊರಳಿಗೆ ಹಾಕಿಕೊಂಡು ಓಟದ ಕೊನೆಯ ಗೆರೆಯ ಹತ್ತಿರ ನಿಂತೆ. ಸುತ್ತ ಇದ್ದವರೆಲ್ಲ ಎರಡೆರಡು ಜನ, ನಾಲ್ಕು ನಾಲ್ಕು ಜನ. ಪಕ್ಕದಲ್ಲೊಬ್ಬ ಹೆಂಡತಿಗೆ ಖುಷೂರ್ ಊದಿ ಕೊಡುತ್ತಿದ್ದ. ನನ್ನನ್ನು ಕಂಡವರು ನಕ್ಕರು, "ಬೇಸಗೆ ಚೆನ್ನಾಗಿ ಕಳೀತಿದೆಯಾ?" ಎಂದು ವಾಡಿಕೆಯ ಮಾತು ಕೇಳಿದರು, ಉತ್ತರಕ್ಕೆ ಕಾಯದೆ ಹೋದರು. ಗಂಡ ಸತ್ತವಳ ಹತ್ತಿರ ಹಬ್ಬದ ದಿನ ಯಾರು ನಿಲ್ಲುತ್ತಾರೆ? ಅವರನ್ನು ನಾನು ದೂರುವುದಿಲ್ಲ. ದೂರುತ್ತೇನೆ, ಸುಳ್ಳು ಯಾಕೆ ಹೇಳಲಿ.

ದೂರದ ದಿಬ್ಬದ ಆಚೆ ಧೂಳೆದ್ದಿತು. ಜನ ಹೋ ಎಂದರು. ಮೊದಲ ಐದು ಮರಿಗಳು ಬಂದವು, ಅವುಗಳ ಬೆವರು ಮುಟ್ಟಿದರೆ ಅದೃಷ್ಟ ಎಂದು ಜನ ಮುಗಿಬಿದ್ದರು. ಆಮೇಲೆ ಆರನೆಯದು ಬಂತು. ಯಾರೂ ನೋಡಲಿಲ್ಲ. ನಾನು ನೋಡಿದೆ. ಅದರ ಒಡೆಯ ಕಡಿವಾಣ ಹಿಡಿದು ಸುಮ್ಮನೆ ಪಕ್ಕಕ್ಕೆ ಕರೆದೊಯ್ದ.

ಉಳಿದವು ಬಂದವು, ಬಂದವು. ಕೊನೆಗೆ ದುರ್ಬೀನಿನಲ್ಲಿ ಎರಡೇ ಉಳಿದವು. ಒಂದು ನನ್ನ ಕಂದು ಮರಿ, ಇನ್ನೊಂದು ಯಾರದೋ ಬೂದು ಮರಿ. ನನ್ನದು ಮುಂದೆ ಇತ್ತು! ಅಷ್ಟು ಹುಲ್ಲು ತಿಂದ ಹಾಳಾದ್ದು ಯಾಕೆ ಓಡಬೇಕು? ನಮ್ಮವರ ಕುದುರೆಯ ತಳಿ, ಹೊಟ್ಟೆ ಜೋತಾಡಿದರೂ ಕಾಲು ಸುಮ್ಮನಿರುವುದಿಲ್ಲ. ಬೂದು ಮರಿಯ ಮೇಲಿದ್ದ ಪುಟ್ಟ ಹುಡುಗ ಅಳುತ್ತಾ ಅಳುತ್ತಾ ಬಾರಿಸುತ್ತಿದ್ದ.

ಆಗ ತೆಮುಲೆನ್ ಹಗ್ಗ ಜಗ್ಗಿ ನಿಲ್ಲಿಸಿದಳು. ಇಳಿದಳು. ಬಾಲದ ಪಟ್ಟಿ ಸಡಿಲವಾಗಿದೆಯೇನೋ ಎಂಬಂತೆ ಬಿಚ್ಚಿ ಮತ್ತೆ ಕಟ್ಟತೊಡಗಿದಳು. ಮದುವಣಗಿತ್ತಿಯ ಜಡೆ ಹೆಣೆಯುವ ಹಾಗೆ ನಿಧಾನ. ಬೂದು ಮರಿ ಅವಳನ್ನು ದಾಟಿತು. ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. "ಚಹಾ ಕುಡ್ಕೊಂಡು ಬಾರಮ್ಮಾ!" ಎಂದು ಯಾರೋ ಕೂಗಿದರು. ಅವಳು ಮತ್ತೆ ಹತ್ತಿ, ಗೆದ್ದವಳಿಗಿಂತ ನೆಟ್ಟಗೆ ಕೂತು, ಪುಟ್ಟ ಸವಾರರ 'ಗೀಂಗೋ' ಹಾಡನ್ನು ಗಟ್ಟಿಯಾಗಿ ಹಾಡಿಕೊಳ್ಳುತ್ತಾ ಗೆರೆ ದಾಟಿದಳು. ಆ ಹುಡುಗಿಯ ಕಾಲು ಹಿಡಿದು ಮುತ್ತಿಡಬೇಕೆನಿಸಿತು.

ಐದು ಮರಿಗಳ ಹಾಡು ಮುಗಿಯಿತು. ದಂಬಾ ನೀಲಿ ರೇಷ್ಮೆ ಮೇಲಂಗಿ ತೊಟ್ಟು, ನೀಲಿ ವಸ್ತ್ರದ ಮೇಲೆ ಐರಾಗ್ ಬಟ್ಟಲು ಹಿಡಿದು ನನ್ನ ಮರಿಯ ಮುಂದೆ ಬಂದು ನಿಂತ. ಧ್ವನಿವರ್ಧಕ ಕೂಗಿತು, ಬಯಲು ಸುಮ್ಮನಾಯಿತು.

ಚೆನ್ನಾಗಿ ಹಾಡಿದ. ದಾರಿಯಲ್ಲಿ ಕಲ್ಲು ಹೆಚ್ಚಿತ್ತು, ಬಿಸಿಲು ಹೆಚ್ಚಿತ್ತು, ನಿನ್ನ ಕಾಲಿಗೆ ಕೊರತೆ ಇರಲಿಲ್ಲ ಮರಿಯೇ ಎಂದ. ಕಾಯುವವಳು ಪ್ರೀತಿಗೆ ಹೊಟ್ಟೆ ತುಂಬ ಮೇಯಿಸಿಬಿಟ್ಟಳು, ಅದು ನಿನ್ನ ತಪ್ಪೇ ಎಂದ. ಜನ ಗೊಳ್ಳೆಂದರು. ಮುಂದಿನ ಬೇಸಗೆ ಎಲ್ಲರೂ ನಿನ್ನ ಬಾಲ ನೋಡುತ್ತಾ ಬರಲಿ ಎಂದ. ಐರಾಗನ್ನು ಮರಿಯ ಹಣೆಗೂ ಬೆನ್ನಿಗೂ ಸುರಿದ. ಇನ್ನು ಹೆಸರು. ನಾನು ಎರಡೂ ಕೈಯಿಂದ ದುರ್ಬೀನನ್ನು ಎದೆಗೊತ್ತಿಕೊಂಡೆ.

"ಈ ಕಂದು ಮರಿಯ ಒಡತಿ," ಎಂದು ದಂಬಾ ರಾಗ ಎಳೆದ, "ಹೊಳೆದಂಡೆಯ ದೆಜಿದ್!"

ಯಾರಪ್ಪಾ ಈ ದೆಜಿದ್ ಎಂದು ಒಂದು ಗಳಿಗೆ ನಾನು ಸುತ್ತ ನೋಡಿದೆ. ಆಮೇಲೆ ತಿಳಿಯಿತು. ನಾನೇ. ಗುಡ್ಡ ಅದನ್ನು ಹಿಡಿದು ಮತ್ತೊಮ್ಮೆ ಹೇಳಿತು, ದೆಜಿದ್. ನನ್ನ ಅಮ್ಮ ಸತ್ತ ಮೇಲೆ ಆ ಹೆಸರಲ್ಲಿ ನನ್ನನ್ನು ಯಾರೂ ಕರೆದಿರಲಿಲ್ಲ. ನಮ್ಮವರಿಗೂ ನಾನು ಬರೀ 'ಏ, ಇಲ್ಲಿ ಬಾ'. ಆ ಹೆಸರು ಯಾರಿಗೆ ಬೇಕಿತ್ತು? ನನಗಂತೂ ಬೇಡವಾಗಿತ್ತು. ಜನ ತಿರುಗಿ ನೋಡಿ ಚಪ್ಪಾಳೆ ತಟ್ಟಿದರು, ತೆಮುಲೆನ್ ಐರಾಗ್ ಕುಡಿದು, ತುಟಿಯ ಮೇಲೆ ಬಿಳಿ ಮೀಸೆ ಮೂಡಿಸಿಕೊಂಡು ನನ್ನನ್ನು ಹುಡುಕಿದಳು.

ಜನ ಕುಸ್ತಿಯ ಕಡೆಗೆ ಹೊರಟ ಮೇಲೆ ದಂಬಾನ ಹತ್ತಿರ ನೇರ ನಡೆದು ಅವನ ರೇಷ್ಮೆ ತೋಳು ಹಿಡಿದೆ.

"ದ್ರೋಹಿ! ನನ್ನ ಹೆಸರು ಕೂಗು ಅಂದಿದ್ನಾ ನಿನಗೆ? ನಮ್ಮನೇ ಐರಾಗ್ ಕುಡಿದ ಬಾಯಿ ಅಲ್ವಾ ಇದು?"

ಅವನು ತಲೆ ತಗ್ಗಿಸಿದ. "ಹಿರಿಯರು ಬೇಡ ಅಂದ್ರು ಅಕ್ಕಾ. ವರ್ಷ ತುಂಬದೋರ ಹೆಸರು ಹಬ್ಬದ ಬಯಲಲ್ಲಿ ಹೊರಗಿನೋನು ಎತ್ತಬಾರ್ದಂತೆ."

"ನೀನು ಹೊರಗಿನೋನಾ? ಅವರ ಕೈಯಲ್ಲಿ ಕಲ್ತೋನು!"

"ಕಲ್ತೋನೇ. ಅದಕ್ಕೇ ನನಗೂ ನಾಲಿಗೆ ಏಳಲಿಲ್ಲ." ಅವನ ಕಣ್ಣೂ ಒದ್ದೆಯಾಗಿತ್ತು. ಆಮೇಲೆ ಸುತ್ತ ನೋಡಿ ಮೈಕನ್ನು ಎತ್ತಿಕೊಂಡ. "ಇನ್ನೂ ಹೊತ್ತು ಮೀರಿಲ್ಲ ಅಕ್ಕಾ. ಒಂದೇ ಸಲ ನಿನ್ನ ಬಾಯಿಂದ ಹೇಳು. ಮನೆಯೋಳು ಹೇಳಿದ್ಮೇಲೆ ಯಾವ ಹಿರಿಯನೂ ಸೊಲ್ಲೆತ್ತಲ್ಲ. ಗಂಟಲು ಹರಿಯೋ ಹಾಗೆ ಕೂಗ್ತೀನಿ, ಗುಡ್ಡದ ಆಚೆಗೂ ಕೇಳ್ಬೇಕು. ಹೇಳು."

ಇಷ್ಟೇ ಬೇಕಾಗಿತ್ತು ನನಗೆ. ಚಳಿಗಾಲದಿಂದ ಬೇಕಾಗಿತ್ತು. ಹೆಸರು ನಾಲಿಗೆಯ ತುದಿಯಲ್ಲಿತ್ತು. ಬಾಯಿ ತೆರೆದೆ.

"ನಮ್ಮವರು..." ಎಂದೆ.

"ನಮ್ಮವರು ಅಂದ್ರೆ ಆಗಲ್ಲ ಅಕ್ಕಾ."

ಮತ್ತೆ ಬಾಯಿ ತೆರೆದೆ. ಅತ್ತೆಯ ಕಣ್ಣು ನೆನಪಾಯಿತು, ಮದುವೆಯ ದಿನದ ಒಲೆ ನೆನಪಾಯಿತು. ಗಂಟಲಿನಿಂದ ಗಾಳಿ ಮಾತ್ರ ಬಂತು. ದಂಬಾ ಕಾದ. ಪಾಪ, ನಿಜವಾಗಿ ಕಾದ. ಅಷ್ಟರಲ್ಲಿ ಕುಸ್ತಿಯವರು ಹದ್ದಿನ ಹಾಗೆ ತೋಳು ಬಿಚ್ಚಿ ಕುಣಿಯುತ್ತಾ ಬಯಲಿಗೆ ಇಳಿದರು, ಯಾರೋ ಮೈಕು ಕೇಳಿಕೊಂಡು ಓಡಿಬಂದರು. ಅವನು ನನ್ನ ಮುಖ ನೋಡಿ, ಮೈಕು ಕೊಟ್ಟುಬಿಟ್ಟ.

ಹುಡುಗಿ ಕುಸ್ತಿ ನೋಡಲು ಅಪ್ಪ ಅಮ್ಮನ ಜೊತೆ ಉಳಿದಳು. "ಅಜ್ಜೀ, ಖುಷೂರ್ ತಿಂದು ಹೋಗಿ" ಎಂದಳು. ಬೇಡವೆಂದೆ. ಮರಿಯ ಹಗ್ಗ ಹಿಡಿದು ಬಿಸಿಲಿರುವಾಗಲೇ ಹೊರಟೆ. ಹಿಂದಿನ ಗದ್ದಲ ಸಣ್ಣದಾಗುತ್ತಾ ಹೋಯಿತು. ಮರಿಯ ಹಣೆಯ ಮೇಲೆ ಐರಾಗ್ ಒಣಗಿ ಬೆಳ್ಳಗೆ ಅಂಟಿಕೊಂಡಿತ್ತು, ನೊಣ ಮುತ್ತುತ್ತಿದ್ದವು. ತೋಳಿನಿಂದ ಒರೆಸಿದೆ. ಯಾರ ಮೇಲೆ ಸಿಟ್ಟು ಮಾಡಲಿ? ದಂಬಾನ ಮೇಲೆ ಮಾಡಿಯಾಯಿತು. ನಲವತ್ತು ಬೇಸಗೆ ಅವರ ಜೊತೆ ಒಂದೇ ಬಟ್ಟಲಲ್ಲಿ ಕುಡಿದ ನಾನೇ ಹೇಳಲಾರದ ಹೆಸರನ್ನು ಪರರ ಗಂಟಲಿನಿಂದ ಬಯಸಿದವಳು ನಾನು.

ಗುಡ್ಡ ಏರಿ ಕಲ್ಲುಗುಡ್ಡೆಯ ಹತ್ತಿರ ನಿಂತೆ. ಬಂದವರು ಒಂದೊಂದು ಕಲ್ಲು ಹಾಕುವ ಜಾಗ. ನಾನೂ ಒಂದು ಹಾಕಿದೆ. ಮೇಲೆ ಗಾಳಿ, ಕೆಳಗೆ ನನ್ನ ಗುಡಾರ ಒಂದೇ, ಅದರ ಹೊಗೆಕಿಂಡಿಯಿಂದ ಹೊಗೆ ಇಲ್ಲ. ಸುತ್ತ ನರಪಿಳ್ಳೆಯೂ ಇರಲಿಲ್ಲ. ಬಾಯಿ ತೆರೆದೆ, ಆ ಹೆಸರು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂದುಬಿಟ್ಟಿತು.

"ಶಾಗ್ದರ್."

ಇಷ್ಟೇ. ಇಷ್ಟು ಸುಲಭವಿತ್ತು. ಮತ್ತೆ ಕೂಗಿದೆ, ಗಟ್ಟಿಯಾಗಿ, ಹಾಡಿನವರ ಹಾಗೆ ರಾಗ ಎಳೆದು. "ಶಾಗ್ದರ್! ಆರನೆಯವರೇ! ನಿಮ್ಮ ಮರಿ ಕೊನೆಗೆ ಬಂತು! ಬೈಯ್ಯೋದಿದ್ರೆ ಬನ್ನಿ!" ಮರಿ ಬೆದರಿ ಹಗ್ಗ ಜಗ್ಗಿತು.

ಹೆಸರು ಹಿಡಿದು ಕರೆದರೆ ಹೋದವರು ತಿರುಗಿ ನೋಡುತ್ತಾರೆ, ಅದಕ್ಕೇ ಕರೆಯಬಾರದು ಎನ್ನುತ್ತಾರೆ. ನೋಡಲಿ ಎಂದೇ ಕರೆದೆ. ಸಾಕಷ್ಟು ಹೊತ್ತು ನಿಂತೆ. ಯಾರೂ ನೋಡಲಿಲ್ಲ. ಹಾಲು ಕರೆಯುವ ಹೊತ್ತಾಗಿತ್ತು, ಮರಿಯನ್ನು ಕರೆದುಕೊಂಡು ಇಳಿದೆ.